ಗಾಜಿನ ಕೆರೆಗೆ ತಕ್ಕ ಶೋಧಕ ಯಾವುದು?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ ಸ್ತಂಭಶಾಸನವು ಕದಂಬ ರಾಜ ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ದೊಡ್ಡದೊಂದು ತಟಾಕವನ್ನು ಮಾಡಿಸಿದುದನ್ನು ಹೇಳುತ್ತದೆ. ಅದು ಐದನೆಯ ಶತಮಾನದ ಮಾತು. ಅಂದಿನಿಂದ ಇಂದಿನವರೆಗೆ ಈ ಸೀಮೆಯ ಯಾವ ಕೆರೆಗೂ ಯಾರೂ ಶೋಧಕವನ್ನು ಜೋಡಿಸಿದುದಿಲ್ಲ. ಆದರೂ ಬೇಸಗೆಯಲ್ಲಿ ನೀರು ತಗ್ಗಿ, ಊರವರು ಕೂಣಿಗಳನ್ನು ಹಿಡಿದು ಕೆರೆಬೇಟೆಗೆ ಇಳಿದಾಗ, ಆ ಬಗ್ಗಡದ ನೀರಿನಿಂದ ರಾಶಿ ರಾಶಿ ಮೀನುಗಳು ಮೇಲೆ ಬರುವುದನ್ನು ನಾವು ನೋಡುತ್ತೇವೆ. ಅಂಥ ಮೀನುಗಳನ್ನೇ ತಂದು, ಕನ್ನಡಿಯಂತೆ ತಿಳಿಯಾದ ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಬಿಟ್ಟರೆ ಅನೇಕ ವೇಳೆ ವಾರದೊಳಗೆ ಸಾಯುತ್ತವೆ. ಇದೇಕೆ?

ಈ ಪ್ರಶ್ನೆಯನ್ನು ನಮಗೆ ಗಟ್ಟಿಯಾಗಿ ಕೇಳಿದ್ದು ಒಂದು ಮಳೆಗಾಲ. ಕೆಲವು ವರ್ಷಗಳ ಹಿಂದೆ ಈ ಸೀಮೆಯ ಕಾಲೇಜೊಂದರಲ್ಲಿ ನಾವೂ ವಿದ್ಯಾರ್ಥಿಗಳೂ ಕೂಡಿ 600 ಲೀಟರ್ ನೀರು ಹಿಡಿಯುವ ತೊಟ್ಟಿಯೊಂದನ್ನು ಇರಿಸಿದೆವು. ಅದಕ್ಕೆ ಮುಚ್ಚಿದ ಡಬ್ಬಿಯ ಮಾದರಿಯ, ಬೆಲೆಯುಳ್ಳ ಫಿಲ್ಟರನ್ನೇ ಕೊಂಡೆವು. ಜುಲೈ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯಿತು, ಕರೆಂಟು ಹೋಯಿತು. ಬೆಳಗ್ಗೆ ನೋಡಿದಾಗ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು, ಆದರೆ ಎಲ್ಲವೂ ಬದುಕಿದ್ದವು. ಮಧ್ಯಾಹ್ನ ಕರೆಂಟು ಬಂತು, ಮೋಟರು ಗುಂಯ್‌ಗುಟ್ಟಿತು, ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಒಂದು ಗಂಟೆಯೊಳಗೆ ತೊಟ್ಟಿಯಿಂದ ಕೊಳೆತ ಮೊಟ್ಟೆಯ ನಾತ ಬಂತು. ಸಂಜೆಯ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕರೆಂಟು ಇಲ್ಲದಾಗ ಬದುಕಿದ್ದ ಮೀನುಗಳು ಕರೆಂಟು ಬಂದ ಮೇಲೆ ಸತ್ತುದೇಕೆ? ಇದಕ್ಕೆ ಉತ್ತರ ತಿಳಿದರೆ ದೊಡ್ಡ ತೊಟ್ಟಿಗೆ ಎಂಥ ಶೋಧಕ ಬೇಕೆಂಬುದೂ ತಿಳಿದಂತೆಯೇ.

ಶೋಧಕದೊಳಗಿನ ಜೀವಿಗಳು

ಶೋಧಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಜರಡಿ ಅಥವಾ ಸೋಸುಬಟ್ಟೆ. ನೀರಿನಲ್ಲಿ ತೇಲುವ ಕಸವನ್ನು ತಡೆಯುವ ಕೆಲಸವನ್ನು ಶೋಧಕ ಮಾಡುತ್ತದೆ, ನಿಜ. ಆದರೆ ಮೀನಿಗೆ ಕುತ್ತಾಗುವ ವಸ್ತು ಕಣ್ಣಿಗೆ ಕಾಣುವುದಿಲ್ಲ, ಯಾವ ಜರಡಿಗೂ ಸಿಕ್ಕುವುದಿಲ್ಲ. ಅದು ನೀರಿನಲ್ಲಿ ಕರಗಿರುವ ಅಮೋನಿಯ. ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗ ಅಮೋನಿಯವಾಗಿ ಅದರ ಕಿವಿರುಗಳಿಂದಲೇ ಹೊರಬೀಳುತ್ತದೆ.

ಈ ಅಮೋನಿಯವನ್ನು ನಿವಾರಿಸುವವು ಬ್ಯಾಕ್ಟೀರಿಯಗಳು. ಈ ಸಂಗತಿ ಬೆಳಕಿಗೆ ಬಂದುದು 1877ರಲ್ಲಿ. ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು ಕೊಳವೆಯೊಂದರಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಅದರ ಮೂಲಕ ಚರಂಡಿಯ ನೀರನ್ನು ಮೆಲ್ಲಗೆ ಇಳಿಬಿಟ್ಟರು. ಸುಮಾರು 20 ದಿನಗಳವರೆಗೆ ಯಾವ ಬದಲಾವಣೆಯೂ ಕಾಣಲಿಲ್ಲ. ಆಮೇಲೆ ಅಮೋನಿಯ ಮಾಯವಾಗಿ ನೈಟ್ರೇಟು ಬರತೊಡಗಿತು. ಕೊಳವೆಯೊಳಕ್ಕೆ ಕ್ಲೋರೋಫಾರಂ ಆವಿಯನ್ನು ಬಿಟ್ಟೊಡನೆ ಕ್ರಿಯೆ ನಿಂತುಹೋಯಿತು. ಅದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಕೂಡಲೇ ಮೊದಲಾಗಬೇಕಿತ್ತು, ಕ್ಲೋರೋಫಾರಮಿನಿಂದ ನಿಲ್ಲಬೇಕಾಗಿರಲಿಲ್ಲ. ಆದುದರಿಂದ ಇದು ಜೀವಿಗಳ ಕೆಲಸವೆಂದು ಅವರು ನಿರ್ಣಯಿಸಿದರು. ಮುಂದೆ 1890ರ ಸುಮಾರಿಗೆ ವಿನೋಗ್ರಾಡ್ಸ್ಕಿ ಎಂಬ ರಷ್ಯದ ವಿಜ್ಞಾನಿ ಈ ಜೀವಿಗಳನ್ನು ಬೇರ್ಪಡಿಸಿ, ಒಂದು ಗುಂಪು ಅಮೋನಿಯವನ್ನು ನೈಟ್ರೈಟಾಗಿಯೂ ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆಂದು ತೋರಿಸಿದ. ಎರಡೂ ಕೆಲಸಗಳನ್ನು ಒಂದೇ ಮಾಡಬಲ್ಲ ಬ್ಯಾಕ್ಟೀರಿಯಗಳೂ ಇವೆಯೆಂದು 2015ರಲ್ಲಿ ತಿಳಿದುಬಂತು. ಅಮೋನಿಯ ಮತ್ತು ನೈಟ್ರೈಟು ಮೀನಿಗೆ ವಿಷ. ನೈಟ್ರೇಟಾದರೋ ಅವುಗಳಷ್ಟು ಅಪಾಯಕರವಲ್ಲ.

ಈ ಜೀವಿಗಳು ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಕಲ್ಲು, ಮರಳು, ಎಲೆ, ಬೇರುಗಳ ಮೈಗೆ ಅಂಟಿಕೊಂಡು ಬಾಳುತ್ತವೆ. ಕೆರೆಯ ತಳದ ಕೆಸರೂ ಜೊಂಡೂ ಅವುಗಳ ನೆಲೆ. ಅಲ್ಲದೆ ಕೆರೆಯಲ್ಲಿ ಮೀನಿಗೆ ನೀರು ಧಾರಾಳ. ಹೆಕ್ಟೇರಿಗೆ 5000 ಮರಿಗಳನ್ನು ಬಿಟ್ಟು ಸಾಕುವ, 1.5 ಮೀಟರ್ ಆಳದ ಕೊಳದಲ್ಲಿಯೂ ಮೀನೊಂದಕ್ಕೆ 3000 ಲೀಟರ್ ನೀರು ದೊರೆಯುತ್ತದೆ. 600 ಲೀಟರಿನ ತೊಟ್ಟಿಯಲ್ಲಿ 30 ಮೀನುಗಳನ್ನು ಬಿಟ್ಟರೆ ಒಂದೊಂದರ ಪಾಲಿಗೆ 20 ಲೀಟರ್ ಮಾತ್ರ. ಈ ಕೊರತೆಯನ್ನು ತುಂಬುವುದೇ ಶೋಧಕದ ಕೆಲಸ.

ಸ್ವಲ್ಪ ಲೆಕ್ಕ

ನಮ್ಮ ತೊಟ್ಟಿಯ ಉದ್ದ 180 ಸೆಂಟಿಮೀಟರ್, ಅಗಲ 60. ನೀರಿನ ಎತ್ತರ 55. ಗುಣಿಸಿದರೆ ಸುಮಾರು 600 ಲೀಟರ್. ಅದರಲ್ಲಿ ಒಟ್ಟು ಒಂದು ಕಿಲೋಗ್ರಾಂ ತೂಗುವ ಮೀನುಗಳಿವೆಯೆಂದೂ ಅವಕ್ಕೆ ದಿನಕ್ಕೆ 20 ಗ್ರಾಂ ಆಹಾರ ಹಾಕುತ್ತೇವೆಂದೂ ಇಟ್ಟುಕೊಳ್ಳೋಣ. ಆಹಾರದ ತೂಕದಲ್ಲಿ ನೂರಕ್ಕೆ ಸುಮಾರು 3 ಪಾಲು ಅಮೋನಿಯ ರೂಪದ ಸಾರಜನಕವಾಗಿ ನೀರಿಗೆ ಸೇರುವುದೆಂಬುದು ಮೀನು ಸಾಕುವವರ ಅಂದಾಜು. ಅಂದರೆ ದಿನಕ್ಕೆ 0.6 ಗ್ರಾಂ, 600 ಲೀಟರಿಗೆ ಹಂಚಿದರೆ ಲೀಟರಿಗೆ 1 ಮಿಲಿಗ್ರಾಂ.

ಇದು ಅಪಾಯವೋ ಅಲ್ಲವೋ ಎಂಬುದು ನೀರಿನ ಆಮ್ಲತೆಯನ್ನು ಅವಲಂಬಿಸಿದೆ. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ವಿದ್ಯುದಂಶವುಳ್ಳ ಅಯಾನು, ವಿದ್ಯುದಂಶವಿಲ್ಲದ ಅಣು. ಎರಡನೆಯದು ಮೀನಿನ ಕಿವಿರಿನ ಪೊರೆಯನ್ನು ಸುಲಭವಾಗಿ ದಾಟುವುದರಿಂದ ಅದೇ ಹೆಚ್ಚಿನ ವಿಷ. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ಈ ವಿಷರೂಪ ನೂರರಲ್ಲಿ ಅರ್ಧ ಪಾಲಿಗಿಂತ ತುಸು ಹೆಚ್ಚು. ಪಿಎಚ್ 8 ಇದ್ದಾಗ ಐದು ಪಾಲಿಗಿಂತ ಹೆಚ್ಚು. ಲೀಟರಿಗೆ 0.05 ಮಿಲಿಗ್ರಾಮಿನಷ್ಟು ವಿಷರೂಪ ಸೇರಿದರೇ ಮೀನುಗಳಿಗೆ ಹಾನಿ ತಟ್ಟಬಹುದು. ಪಿಎಚ್ 8ರ ನೀರಿನಲ್ಲಿ, ಶೋಧಕವಿಲ್ಲದಿದ್ದರೆ, ಒಂದೇ ದಿನದಲ್ಲಿ ಆ ಮಟ್ಟ ಬಂದುಬಿಡುತ್ತದೆ. ನೀರು ಮಾತ್ರ ಸ್ಫಟಿಕದಂತೆಯೇ ಇರುತ್ತದೆ!

ಇನ್ನು ಬ್ಯಾಕ್ಟೀರಿಯಗಳ ಬೇಡಿಕೆಯೇನು? ಒಂದು ಗ್ರಾಂ ಸಾರಜನಕವನ್ನು ಅಮೋನಿಯದಿಂದ ನೈಟ್ರೇಟಿಗೆ ಏರಿಸಲು 4.57 ಗ್ರಾಂ ಆಮ್ಲಜನಕ ಬೇಕು. ನಮ್ಮ 0.6 ಗ್ರಾಮಿಗೆ ದಿನಕ್ಕೆ ಸುಮಾರು 2.7 ಗ್ರಾಂ. 25 ಡಿಗ್ರಿಯಲ್ಲಿ ಲೀಟರ್ ನೀರು ಹಿಡಿದಿಡಬಲ್ಲ ಆಮ್ಲಜನಕ 8 ಮಿಲಿಗ್ರಾಮಿಗಿಂತ ತುಸು ಹೆಚ್ಚು. ಇಡೀ ತೊಟ್ಟಿಯಲ್ಲಿ 5 ಗ್ರಾಂ. ಅಂದರೆ ತೊಟ್ಟಿಯ ಆಮ್ಲಜನಕದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ಬ್ಯಾಕ್ಟೀರಿಯಗಳೇ ದಿನವೂ ಕೇಳುತ್ತವೆ. ಮೀನುಗಳ ಉಸಿರಾಟ ಬೇರೆ. ಗಾಳಿಯಿಂದ ಹೊಸ ಆಮ್ಲಜನಕ ಬರುತ್ತಿದ್ದರೆ ಮಾತ್ರ ಈ ಸಂಸಾರ ಸಾಗೀತು.

ಮರಳೋ ಜಲ್ಲಿಯೋ?

ಬ್ಯಾಕ್ಟೀರಿಯಗಳಿಗೆ ಎಷ್ಟು ನೆಲೆ ಬೇಕು? ಎಚ್ಚರದ ಲೆಕ್ಕಕ್ಕೆ, ಒಂದು ಚದರ ಮೀಟರ್ ಮೇಲ್ಮೈ ದಿನಕ್ಕೆ 0.1 ಗ್ರಾಂ ಸಾರಜನಕವನ್ನು ನಿರ್ವಹಿಸುತ್ತದೆಂದು ಹಿಡಿಯೋಣ. ಆಗ ನಮಗೆ 6 ಚದರ ಮೀಟರ್ ಸಾಕು. ದುಂಡನೆಯ ಕಣಗಳನ್ನು ಪಾತ್ರೆಯಲ್ಲಿ ತುಂಬಿದಾಗ ನೂರಕ್ಕೆ ಸುಮಾರು 60 ಪಾಲನ್ನು ಕಣಗಳೂ 40 ಪಾಲನ್ನು ಸಂದುಗಳೂ ಆಕ್ರಮಿಸುತ್ತವೆ. ಹೀಗೆ ಲೆಕ್ಕ ಹಾಕಿದರೆ 1 ಮಿಲಿಮೀಟರ್ ವ್ಯಾಸದ ಮರಳು ಲೀಟರಿಗೆ 3.6 ಚದರ ಮೀಟರ್ ಮೇಲ್ಮೈ ಕೊಡುತ್ತದೆ. ಕಟ್ಟಡದವರು ಬೇಬಿ ಜಲ್ಲಿ ಎನ್ನುವ 6 ಮಿಲಿಮೀಟರಿನ ಕಲ್ಲು ಲೀಟರಿಗೆ 0.6 ಚದರ ಮೀಟರ್.

ಹಾಗಾದರೆ ಮರಳೇ ಮೇಲಲ್ಲವೆ? ಇಲ್ಲಿ ಭೌತವಿಜ್ಞಾನ ಅಡ್ಡ ಬರುತ್ತದೆ. ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ಡಾರ್ಸಿ ಎಂಬ ಎಂಜಿನಿಯರು ಫ್ರಾನ್ಸಿನ ದಿಜೋನ್ ನಗರದ ನೀರು ಸರಬರಾಜಿನ ಸಂಬಂಧದಲ್ಲಿ ಪ್ರಯೋಗಗಳನ್ನು ಮಾಡಿ 1856ರಲ್ಲಿ ಪ್ರಕಟಿಸಿದ. ಹರಿವು ಒತ್ತಡದ ವ್ಯತ್ಯಾಸಕ್ಕೆ ಅನುಗುಣವಾಗಿಯೂ ಪದರದ ದಪ್ಪಕ್ಕೆ ವಿಲೋಮವಾಗಿಯೂ ಇರುತ್ತದೆ. ಕಣ ಸಣ್ಣದಾದಂತೆ ತಡೆ ವರ್ಗದ ಪ್ರಮಾಣದಲ್ಲಿ ಏರುತ್ತದೆ. 6 ಮಿಲಿಮೀಟರಿನಿಂದ 1 ಮಿಲಿಮೀಟರಿಗೆ ಇಳಿದರೆ ಮೇಲ್ಮೈ 6 ಪಟ್ಟು ಹೆಚ್ಚುತ್ತದೆ, ಆದರೆ ತಡೆ 36 ಪಟ್ಟು! ಸಾಲದ್ದಕ್ಕೆ ಸಣ್ಣ ಸಂದುಗಳು ಬೇಗ ಕಸ ಕಟ್ಟಿಕೊಳ್ಳುತ್ತವೆ. 20 ಲೀಟರ್ ಬೇಬಿ ಜಲ್ಲಿಯಲ್ಲಿ 12 ಚದರ ಮೀಟರ್ ಮೇಲ್ಮೈ ಇದೆ. ನಮಗೆ ಬೇಕಾದುದರ ಇಮ್ಮಡಿ. ಬ್ಯಾಕ್ಟೀರಿಯಗಳ ನೆಲೆಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲವೆಂಬುದು ಇದರಿಂದ ಸ್ಪಷ್ಟ.

ನೀರು ಎಷ್ಟು ವೇಗವಾಗಿ ಸುತ್ತಬೇಕು? ತೊಟ್ಟಿಯಲ್ಲಿ ಅಮೋನಿಯ ಸಾರಜನಕ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂದೂ, ಶೋಧಕ ಒಂದು ಸಲಕ್ಕೆ ಅದರಲ್ಲಿ ಅರ್ಧವನ್ನು ತೆಗೆಯುವುದೆಂದೂ ಭಾವಿಸಿದರೆ, ದಿನಕ್ಕೆ 12,000 ಲೀಟರ್, ಗಂಟೆಗೆ 500 ಲೀಟರ್ ಹಾದುಹೋಗಬೇಕು. ಗಂಟೆಗೊಮ್ಮೆ ತೊಟ್ಟಿಯ ನೀರೆಲ್ಲ ಶೋಧಕದ ಮೂಲಕ ಹಾಯಬೇಕೆಂಬ ವಾಡಿಕೆಯ ಮಾತಿಗೆ ಇದು ಆಧಾರ. ಗಂಟೆಗೆ 600 ಲೀಟರನ್ನು 1.2 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ನಿಜವಾದ ಸಾಮರ್ಥ್ಯ 2 ವ್ಯಾಟ್ ಮಾತ್ರ. ಸಣ್ಣ ಪಂಪಿನ ನಷ್ಟಗಳನ್ನು ಸೇರಿಸಿ 15 ವ್ಯಾಟ್ ಎಂದರೂ ತಿಂಗಳಿಗೆ 11 ಯೂನಿಟ್ ವಿದ್ಯುತ್ತು ಸಾಕು.

ನಾಲ್ಕು ಬಗೆಯ ಶೋಧಕಗಳು

ಈಗ ಅಂಗಡಿಯಲ್ಲಿ ದೊರೆಯುವ ಬಗೆಗಳನ್ನು ಪರಿಶೀಲಿಸೋಣ.

ಮೊದಲನೆಯದು ಸ್ಪಂಜಿನ ಶೋಧಕ. ಗಾಳಿಯ ಪಂಪು ಕೊಳವೆಯೊಳಗೆ ಗುಳ್ಳೆಗಳನ್ನು ಊದುತ್ತದೆ. ಗುಳ್ಳೆಗಳೊಡನೆ ನೀರು ಮೇಲೇಳುತ್ತದೆ. ಆ ಜಾಗಕ್ಕೆ ಬೇರೆ ನೀರು ಸ್ಪಂಜಿನ ಮೂಲಕ ಬರುತ್ತದೆ. 5 ವ್ಯಾಟಿನಷ್ಟರಲ್ಲಿ ಕೆಲಸ ನಡೆಯುತ್ತದೆ, ಆಮ್ಲಜನಕವೂ ದೊರೆಯುತ್ತದೆ. ದೊಡ್ಡ ತೊಟ್ಟಿಗೆ ಇದೊಂದೇ ಸಾಲದು.

ಎರಡನೆಯದು ತಳದ ಜಲ್ಲಿಯನ್ನೇ ಶೋಧಕ ಮಾಡಿಕೊಳ್ಳುವ ವಿಧಾನ. ತೂತಿನ ತಟ್ಟೆಯ ಮೇಲೆ ಜಲ್ಲಿ ಹರಡಿ, ಅದರ ಮೂಲಕ ನೀರನ್ನು ಕೆಳಕ್ಕೆ ಎಳೆಯುತ್ತಾರೆ. ಅಗ್ಗವಾದುದು, ಆದರೆ ಕಸವೆಲ್ಲ ತಟ್ಟೆಯಡಿಯಲ್ಲಿ ಸೇರುತ್ತದೆ. ದೊಡ್ಡ ತೊಟ್ಟಿಯಲ್ಲಿ ಅದನ್ನು ಶುಚಿ ಮಾಡಬೇಕಾದರೆ ತೊಟ್ಟಿಯನ್ನೇ ಬರಿದು ಮಾಡಬೇಕಾದೀತು.

ಮೂರನೆಯದು ನಾವು ಕೊಂಡಿದ್ದ ಮುಚ್ಚಿದ ಡಬ್ಬಿಯ ಶೋಧಕ. ಸ್ವಲ್ಪ ಜಾಗದಲ್ಲಿ ಬಹಳ ಕೆಲಸ ಮಾಡುತ್ತದೆ, ಸದ್ದಿಲ್ಲ, ನೀರು ಥಳಥಳಿಸುತ್ತದೆ. ಆದರೆ ಅದರೊಳಗಿನ ಕೋಟ್ಯಂತರ ಜೀವಿಗಳಿಗೆ ಆಮ್ಲಜನಕ ಬರುವುದು ಹರಿಯುವ ನೀರಿನಿಂದ ಮಾತ್ರ. ಕರೆಂಟು ಹೋದೊಡನೆ ಡಬ್ಬಿಯೊಳಗಿನ ಕೆಲವೇ ಲೀಟರ್ ನೀರಿನ ಆಮ್ಲಜನಕ ಬೇಗ ತೀರಿಹೋಗುತ್ತದೆ. ಆಮೇಲೆ ಆಮ್ಲಜನಕವಿಲ್ಲದೆ ಬಾಳುವ ಬೇರೆ ಬ್ಯಾಕ್ಟೀರಿಯಗಳ ಕೈ ಮೇಲಾಗಿ, ತಡೆದಿಟ್ಟ ಕಸವನ್ನು ಕೊಳೆಯಿಸುತ್ತವೆ. ಅಮೋನಿಯವೂ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡೂ ಹುಟ್ಟುತ್ತವೆ. ಕರೆಂಟು ಮರಳಿದಾಗ ಪಂಪು ಈ ವಿಷವನ್ನೆಲ್ಲ ಒಮ್ಮೆಲೇ ತೊಟ್ಟಿಗೆ ಚೆಲ್ಲುತ್ತದೆ. ರಾತ್ರಿಯೆಲ್ಲ ಉಸಿರುಗಟ್ಟಿ ಬಳಲಿದ ಮೀನುಗಳು ಅದನ್ನು ತಾಳಲಾರವು. ಆ ಮಧ್ಯಾಹ್ನ ನಮ್ಮ ತೊಟ್ಟಿಯಲ್ಲಿ ನಡೆದುದು ಇದೇ. ಡಬ್ಬಿಯ ಕೊಳವೆಗಳನ್ನು ಕಳಚಿ, ಒಳಗಿನ ನೀರನ್ನು ಹೊರಚೆಲ್ಲಿ, ತೊಳೆದು ಆಮೇಲೆ ಹಚ್ಚಿದ್ದರೆ ಮೀನುಗಳು ಉಳಿಯುತ್ತಿದ್ದವು. ತಪ್ಪು ಯಂತ್ರದ್ದಲ್ಲ, ಗುಂಡಿ ಒತ್ತಿದ ನಮ್ಮದು.

ನಾಲ್ಕನೆಯದು ತೊಟ್ಟಿಕ್ಕುವ ಶೋಧಕ. ಇದರಲ್ಲಿ ಜಲ್ಲಿ ನೀರಿನಲ್ಲಿ ಮುಳುಗಿರುವುದಿಲ್ಲ. ತೂತುಗಳುಳ್ಳ ಟ್ರೇಗಳಲ್ಲಿ ಜಲ್ಲಿ ಹರಡಿ, ಮೇಲಿನಿಂದ ನೀರನ್ನು ಸಿಂಪಡಿಸುತ್ತಾರೆ. ಅದು ತೆಳುವಾದ ಪೊರೆಯಾಗಿ ಕಲ್ಲುಗಳ ಮೇಲೆ ಇಳಿಯುತ್ತದೆ, ಸಂದುಗಳಲ್ಲೆಲ್ಲ ಗಾಳಿ ಆಡುತ್ತಿರುತ್ತದೆ. ಲೀಟರ್ ನೀರಿನಲ್ಲಿ 8 ಮಿಲಿಗ್ರಾಂ ಆಮ್ಲಜನಕವಿದ್ದರೆ ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಇರುತ್ತದೆ. ಮೂವತ್ತು ಪಟ್ಟಿಗಿಂತ ಹೆಚ್ಚು! ಕರೆಂಟು ಹೋದರೂ ಜಲ್ಲಿ ಒದ್ದೆಯಾಗಿರುವವರೆಗೆ ಬ್ಯಾಕ್ಟೀರಿಯಗಳು ಗಾಳಿಯಲ್ಲಿಯೇ ಉಸಿರಾಡುತ್ತವೆ. ನೀರು ಹೆಚ್ಚು ಆವಿಯಾಗುವುದು, ಸದ್ದು, ಜಾಗ ಹಿಡಿಯುವುದು, ಇವು ಇದರ ಕೊರತೆಗಳು.

ಮೆದುನೀರಿನ ತೊಡಕು

ಇಷ್ಟಕ್ಕೇ ಮುಗಿಯಲಿಲ್ಲ. ಅಮೋನಿಯ ನೈಟ್ರೇಟಾಗುವಾಗ ಆಮ್ಲವೂ ಹುಟ್ಟುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟು ಆ ಆಮ್ಲವನ್ನು ನುಂಗಿ ಪಿಎಚ್ ಕುಸಿಯದಂತೆ ಕಾಯುತ್ತದೆ. ಈ ಕಾಯುವ ಶಕ್ತಿಗೆ ಕ್ಷಾರತೆಯೆಂದು ಹೆಸರು. ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ಅಳೆಯುತ್ತಾರೆ. ಒಂದು ಗ್ರಾಂ ಸಾರಜನಕಕ್ಕೆ 7.14 ಗ್ರಾಂ ಕ್ಷಾರತೆ ವೆಚ್ಚವಾಗುತ್ತದೆ. ನಮ್ಮ ತೊಟ್ಟಿಯಲ್ಲಿ ದಿನಕ್ಕೆ 4.3 ಗ್ರಾಂ.

ಮಳೆನೀರಿನಲ್ಲಿ ಕ್ಷಾರತೆ ಇಲ್ಲವೆನ್ನುವಷ್ಟು ಕಡಮೆ. ಮಲೆನಾಡಿನ ಮಳೆ ಹೆಚ್ಚಾಗಿ ಬೀಳುವ ಕಡೆ, ಜಂಬಿಟ್ಟಿಗೆಯ ನೆಲದ ತೆರೆದ ಬಾವಿಗಳ ನೀರೂ ಸಾಮಾನ್ಯವಾಗಿ ಮೆದುವಾದುದು. ಸಾಬೂನು ಚೆನ್ನಾಗಿ ನೊರೆ ಬರುವುದೇ ಇದರ ಗುರುತು. ಅಂಥ ನೀರಿನ ಕ್ಷಾರತೆ ಲೀಟರಿಗೆ 40 ಮಿಲಿಗ್ರಾಂ ಎಂದಿಟ್ಟುಕೊಂಡರೆ ತೊಟ್ಟಿಯಲ್ಲೆಲ್ಲ ಇರುವುದು 24 ಗ್ರಾಂ. ಆರನೆಯ ದಿನಕ್ಕೆ ಅದು ಬರಿದು! ಆಮೇಲೆ ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಗಳು ಕೆಲಸ ನಿಲ್ಲಿಸುತ್ತವೆ, ಅಮೋನಿಯ ಸೇರತೊಡಗುತ್ತದೆ. ಆಮ್ಲೀಯ ನೀರಿನಲ್ಲಿ ಅದರ ವಿಷರೂಪ ಅತ್ಯಲ್ಪವಾದುದರಿಂದ ಮೀನುಗಳು ಹೇಗೋ ಜೀವ ಹಿಡಿದಿರುತ್ತವೆ. ಆಗ ಗಾಬರಿಯಿಂದ ಒಮ್ಮೆಲೇ ಗಡಸು ನೀರನ್ನು ಸುರಿದು ಪಿಎಚ್ ಏರಿಸಿದರೆ, ಸೇರಿದ್ದ ಅಮೋನಿಯ ವಿಷರೂಪಕ್ಕೆ ತಿರುಗಿ ಅನಾಹುತವಾಗುತ್ತದೆ.

ಇದಕ್ಕೆ ಸುಲಭ ಪರಿಹಾರವಿದೆ. ಕರಾವಳಿಯಲ್ಲಿ ದೊರೆಯುವ ಚಿಪ್ಪುಗಳನ್ನಾಗಲಿ ಸುಣ್ಣಕಲ್ಲಿನ ಚೂರುಗಳನ್ನಾಗಲಿ ತೊಳೆದು ಚೀಲದಲ್ಲಿ ಕಟ್ಟಿ ಜಲ್ಲಿಯ ನಡುವೆ ಇಡುವುದು. ನೀರು ಆಮ್ಲೀಯವಾದಂತೆ ಅವು ಹೆಚ್ಚು ಕರಗುತ್ತವೆ, ಸಮಸ್ಥಿತಿಗೆ ಬಂದಂತೆ ಕಡಮೆ ಕರಗುತ್ತವೆ. ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ತಮ್ಮ ಕೊಳವೆಯಲ್ಲಿ ಮರಳಿನೊಡನೆ ಸುಣ್ಣಕಲ್ಲನ್ನೂ ತುಂಬಿದ್ದುದನ್ನು ವಾಚಕರು ಇಲ್ಲಿ ನೆನೆಯಬಹುದು.

ನಾವು ಆರಿಸಿದ್ದು

ಕೊನೆಗೆ ನಾವು ತೊಟ್ಟಿಕ್ಕುವ ಶೋಧಕವನ್ನೇ ಆರಿಸಿದೆವು. ಅದನ್ನು ತೊಟ್ಟಿಯ ಮೇಲ್ಗಡೆ, ಗಟ್ಟಿಯಾದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದೆವು. 20 ಲೀಟರ್ ಜಲ್ಲಿಯ ತೂಕವೇ 30 ಕಿಲೋಗ್ರಾಂ ಮೀರುತ್ತದೆ. ಶೋಧಕ ತೊಟ್ಟಿಯ ಕೆಳಗಿದ್ದರೆ, ಕರೆಂಟು ಹೋದಾಗ ಮೇಲಿನ ನೀರು 2 ಸೆಂಟಿಮೀಟರ್ ಇಳಿದರೂ ಕೆಳಗಿನ ಪಾತ್ರೆಗೆ 21 ಲೀಟರ್ ಬಂದು ಬೀಳುತ್ತದೆ. ಅದಕ್ಕೆ ಎಡೆಯಿಲ್ಲದಿದ್ದರೆ ನೆಲವೆಲ್ಲ ನೀರು. ಮೇಲಿದ್ದರೆ ಆ ಭಯವಿಲ್ಲ. ಮೊದಲ ಟ್ರೇಯಲ್ಲಿ ಕಸ ಹಿಡಿಯಲು ಸ್ಪಂಜು; ಕೆಳಗಿನವುಗಳಲ್ಲಿ ಬೇಬಿ ಜಲ್ಲಿ; ನಡುವೆ ಚಿಪ್ಪಿನ ಚೀಲ. ಇದಲ್ಲದೆ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಪಂಪಿಗೆ ಜೋಡಿಸಿದ ಸ್ಪಂಜಿನ ಶೋಧಕವೊಂದು. ಕರೆಂಟಿಲ್ಲದ ರಾತ್ರಿ ಮೀನುಗಳ ಉಸಿರು ಕಾಯುವುದು ಇದರ ಕೆಲಸ.

ಮುಖ್ಯವಾದ ಇನ್ನೆರಡು ಮಾತುಗಳು. ಈ ಬ್ಯಾಕ್ಟೀರಿಯಗಳು ಬಹು ನಿಧಾನವಾಗಿ ವೃದ್ಧಿಯಾಗುತ್ತವೆ. ಆದುದರಿಂದ ಹೊಸ ಶೋಧಕವನ್ನು ನಾಲ್ಕಾರು ವಾರ ಪಳಗಿಸದೆ ಮೀನುಗಳನ್ನು ತುಂಬಬಾರದು. ಆರೋಗ್ಯವಾಗಿರುವ ಹಳೆಯ ತೊಟ್ಟಿಯೊಂದರ ಹಿಡಿ ಜಲ್ಲಿಯನ್ನು ಬೆರೆಸಿದರೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಕೂಡುತ್ತದೆ. ಎರಡನೆಯದಾಗಿ, ಸ್ಪಂಜನ್ನೂ ಜಲ್ಲಿಯನ್ನೂ ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಜಾಲಾಡಬೇಕು. ಉಳಿಯುವ ನೈಟ್ರೇಟನ್ನು ಯಾವ ಜಲ್ಲಿಯೂ ತೆಗೆಯಲಾರದು. ನಮ್ಮ ಲೆಕ್ಕದ ಆಹಾರಕ್ಕೆ ಅದು ಲೀಟರಿಗೆ ವಾರಕ್ಕೆ ಸುಮಾರು 31 ಮಿಲಿಗ್ರಾಂ ಏರುತ್ತದೆ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿದರೆ 62 ಮಿಲಿಗ್ರಾಂ ಮೀರದೆ ನಿಲ್ಲುತ್ತದೆ. ಹೊಸ ನೀರು ಕ್ಲೋರಿನ್ ಕಳೆದುದಾಗಿರಬೇಕು. ತೆಗೆದ ನೀರು ಅಡಕೆ ಸಸಿಯ ಬುಡಕ್ಕೆ ಒಳ್ಳೆಯ ಗೊಬ್ಬರ.

ಮರುವರ್ಷದ ಮಳೆಗಾಲದಲ್ಲಿ ಮತ್ತೆ ಒಂದು ರಾತ್ರಿ ಕರೆಂಟು ಹೋಯಿತು. ಬಂದುದು ಮಾರನೆಯ ದಿನ ಸಂಜೆ. ಪಂಪು ತಿರುಗಿ ನೀರು ಜಲ್ಲಿಯ ಮೇಲೆ ಸುರಿಯತೊಡಗಿದಾಗ ವಿದ್ಯಾರ್ಥಿಗಳು ತೊಟ್ಟಿಯ ಸುತ್ತ ನಿಂತು ಮೂಗರಳಿಸಿ ನೋಡಿದರು. ಕೊಳೆತ ನಾತವಿರಲಿಲ್ಲ, ಒದ್ದೆ ಮಣ್ಣಿನ ವಾಸನೆ ಮಾತ್ರ. ಮೀನುಗಳೆಲ್ಲ ಬದುಕಿದ್ದವು. ತೊಟ್ಟಿಯಿಡಬೇಕೆನ್ನುವ ವಿದ್ಯಾರ್ಥಿಗಳು ಮೊದಲು ತಮ್ಮ ಊರಿನ ಬಾವಿ, ಕೊಳವೆಬಾವಿ, ಕೆರೆಗಳ ನೀರಿನ ಪಿಎಚ್ ಮತ್ತು ಕ್ಷಾರತೆಗಳನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಳೆದು ಬರೆದಿಟ್ಟುಕೊಳ್ಳಲಿ. ಅಂಗಡಿಗೆ ಹೋಗುವುದು ಆಮೇಲೆ.